ಸಂಗಣ್ಣ ಕಾಕಾನಿಗೆ ತೋಡಿದ ಕುಣಿ

ಹುನಗುಂದ ಬಸ್‌ಸ್ಟ್ಯಾಂಡಿನಲ್ಲಿ ಇವತ್ತು ಬೂಟ್ ಪಾಲಿಶಿನ ವಾಸನೆ ಮೂಗಿಗೆ ಬಡಿಯಿತು. ಅಷ್ಟೇ ಬಂಧುಗಳೇ, ಬಾಲ್ಯದ ಅಂಕದ ಪರದೆ ಜರ್ರನೆ ಮೇಲೆದ್ದಿತು!

ನಮ್ಮ ಸಂಗಣ್ಣ ಕಾಕಾ ಮಿಲಿಟರಿ ಪೊಲೀಸ್. ರಜೆಗೆ ಇಳಕಲ್ಲಿಗೆ ಬಂದರೂ ನಿಂತೇ ಬೂಟು ತಿಕ್ಕುತ್ತಿದ್ದ, ನಿಂತೇ ಚಹಾ ಕುಡಿಯುತ್ತಿದ್ದ. ಮಗ್ಗದ ಮುಂದೆ ಕೂತ ಅಜ್ಜಿ ಮಗನನ್ನು ಗದರುತ್ತಿದ್ದಳು.

"ಕುಂದರೋ ಮಾರಾಯಾ! ನೆಲ ಕಡೀತೈತೇನು?"

"ಗೇಟಿನ್ಯಾಗ ನಿಂತು ನಿಂತು ಮಣಕಾಲು ಮಡಚೂದು ಮರತಾವ ಯವ್ವಾ."

ಶಾಂತಿಪಡೆಯ ಜೊತೆ ಆಫ್ರಿಕಾಕ್ಕೆ ಹೋದವನು ಅಲ್ಲಿ ಜೀಪು ಉರುಳಿ ತೀರಿಕೊಂಡ. ಹನ್ನೊಂದು ದಿನದ ಮೇಲೆ, ಮೊಹರು ಹಾಕಿದ ಪೆಟ್ಟಿಗೆಯಲ್ಲಿ ಊರಿಗೆ ಬಂದ.

ನಾವು ಲಿಂಗವಂತರು. ಸತ್ತವರನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತೇವೆ. ರೂಢಿಯಂತೆ ಓಣಿಯವರು ಚೌಕ ಕುಣಿ ತೋಡಿಟ್ಟಿದ್ದರು. ಆರಡಿಯ ಪೆಟ್ಟಿಗೆ ಅದರೊಳಗೆ ಇಳಿಯಲೇ ಇಲ್ಲ!

ಅಜ್ಜಿ ಪೆಟ್ಟಿಗೆ ತಂದ ಸುಬೇದಾರರ ಎದುರು ಬಂದು ನಿಂತಳು.

"ಜೀವಮಾನ ಪೂರ್ತಿ ನಿಂದ್ರಿಸೀರಿ ಸಾಹೇಬ್ರ. ಈಗರೆ ಪೆಟ್ಟಿಗಿ ತೆಗೀರಿ, ನನ್ನ ಮಗನ್ನ ಕುಂದರಸ್ತೇನಿ."

ಅವರೂ ನಮ್ಮ ಬಾದಾಮಿ ಕಡೆಯವರೇ. ತಲೆ ತಗ್ಗಿಸಿದರು. "ತೆಗ್ಯಾಕ ಬರೂದಿಲ್ರಿ ಯವ್ವಾ. ಭಾಳ ದಿನ ಆಗ್ಯಾವು."

ಅಜ್ಜಿ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ನಾನು ಅವಳ ಸೆರಗು ಹಿಡಿದಿದ್ದೆ. ಅವಳು ನನ್ನನ್ನೂ ನೋಡಲಿಲ್ಲ.

"ಉದ್ದ ತೋಡ್ರೆಪ್ಪಾ," ಎಂದಳು ಕೊನೆಗೆ. ಗುದ್ದಲಿಗಳು ಮತ್ತೆ ಎದ್ದವು.

ಅಜ್ಜಿಯೂ ಹೋಗಿ ಎಷ್ಟೋ ವರ್ಷವಾಯಿತು. ಅವಳನ್ನು ಪದ್ಧತಿಯಂತೆ ಕೂರಿಸಿದೆವು. ನಮ್ಮ ರುದ್ರಭೂಮಿಯಲ್ಲಿ ಈಗಲೂ ಇರುವುದೆಲ್ಲ ಚೌಕ ಗದ್ದುಗೆಗಳೇ. ಅಷ್ಟರ ನಡುವೆ ಉದ್ದನೆಯದು ಒಂದೇ ಒಂದು.