ಸೌಮ್ಯಕ್ಕನ ಹಗಲು ಪಾರ್ಟಿ

ಮೊನ್ನೆ ಕಾರು ತೊಳೆಯುತ್ತಿದ್ದೆ. ತೊಳೆಯುತ್ತಿದ್ದೆ ಎನ್ನುವುದು ದೊಡ್ಡ ಮಾತಾಯಿತು. ಪೈಪು ಹಿಡಿದು ನಿಂತು ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುತ್ತಿದ್ದೆ. ಹಿಂದಿನ ಸೀಟಿನ ಕವರು ಬಿಚ್ಚಿದಾಗ ಅದರ ಮೂಲೆಯಲ್ಲಿ ಅಂಗೈಯಗಲದ ಹಳದಿ ಕಲೆ ಕಂಡಿತು. ಸೋಪಿಗೂ ಜಗ್ಗದ ಅರಿಶಿನ. ಮೂಗಿನ ಹತ್ತಿರ ಹಿಡಿದೆ. ವಾಸನೆ ಎಂದೋ ಹೋಗಿದೆ, ಆದರೂ ಬಂದ ಹಾಗಾಯಿತು. ನನ್ನ ಮೂಗೂ ನನ್ನ ಹಾಗೆಯೇ, ಇಲ್ಲದ್ದನ್ನು ಇದೆ ಎಂದು ನಟಿಸುತ್ತದೆ.

ಹೌದು ಸ್ವಾಮಿ, ನಾನು ಮಿಮಿಕ್ರಿಯವನು. ವೇದಿಕೆ ಏರಿದವನಲ್ಲ, ಸಮೇತನಹಳ್ಳಿಯ ಜಗಲಿಗಳಿಗೆ ಸೀಮಿತ. ದೊಡ್ಡಪ್ಪ ಮಾತಿಗೆ ಮುಂಚೆ ಕೆಮ್ಮುವ ಕೆಮ್ಮು, ದೊಡ್ಡಮ್ಮ ಫೋನಿನಲ್ಲಿ 'ಹಲೋ' ಅನ್ನುವ ಬದಲು 'ಯಾರೂ' ಎಂದು ಎಳೆಯುವ ರಾಗ, ಹೊಸಕೋಟೆ ಬಸ್ಸಿನ ಕಂಡಕ್ಟರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದಾರೆ. ದೊಡ್ಡಪ್ಪನ ಮಗಳು ಸೌಮ್ಯಕ್ಕ ಮಾತ್ರ ಸಿಕ್ಕಿರಲಿಲ್ಲ. ಅವಳ ದನಿಯಲ್ಲಿ ಹಿಡಿಯುವುದಕ್ಕೆ ಒಂದು ಹಿಡಿಕೆ ಇಲ್ಲ. "ನಾನಿರ್ತೀನಿ, ನೀವು ಹೋಗ್ಬನ್ನಿ" ಎನ್ನುವುದನ್ನು ಬಿಟ್ಟು ಅವಳು ಮನೆಯಲ್ಲಿ ಇನ್ನೇನಾದರೂ ಹೇಳಿದ್ದು ನನಗೆ ನೆನಪಿಲ್ಲ.

ಅವಳ ಮದುವೆ ಗೊತ್ತಾದಾಗ, ಮದುಮಗಳು ಗೆಳತಿಯರೊಡನೆ ಮಾಡುವ ಬ್ಯಾಚಲರೆಟ್ ಪಾರ್ಟಿ ಎಂಬ ಪದವನ್ನು ನಮ್ಮ ಊರಿಗೆ ತಂದವಳು ಮಮತಾ. ಸೌಮ್ಯಕ್ಕನ ಸ್ಕೂಲಿನ ಗೆಳತಿ, ಈಗ ಹೊಸಕೋಟೆಯ ಒಂದು ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡುತ್ತಾಳೆ. ಇನ್ನೊಬ್ಬ ಗೆಳತಿ ನಸ್ರೀನ್, ಅಲ್ಲೇ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಮೂವರಿಗೂ ನಾನು ತಮ್ಮ. ಕಾರು ನನ್ನದು. ಮೇಲಾಗಿ 'ತಮ್ಮ ಜೊತೇಲಿದಾನೆ' ಎಂದರೆ ಯಾವ ಅಮ್ಮನೂ ಬಾಗಿಲಿಗೆ ಅಡ್ಡ ನಿಲ್ಲುವುದಿಲ್ಲ. ಹೀಗಾಗಿ ಮದುಮಗಳ ಪಾರ್ಟಿಯ ವ್ಯವಸ್ಥಾಪಕನಾಗಿ ನಾನು ನೇಮಕಗೊಂಡೆ. ನಗಬೇಡಿ.

"ಕೋರಮಂಗಲದಲ್ಲಿ ಪಬ್ಬು. ಡಿಜೆ ಇರ್ತಾನೆ. ನೈಟೆಲ್ಲ ಡ್ಯಾನ್ಸು," ಎಂದಳು ಮಮತಾ.

"ಆ ಗಲಾಟೇಲಿ ನೀವು ಮಾತಾಡೋದು ನನಗೆ ಹೆಂಗೆ ಕೇಳ್ಸುತ್ತೆ?" ಎಂದಳು ಸೌಮ್ಯಕ್ಕ.

"ಪಾರ್ಟೀಲಿ ಯಾರೇ ಮಾತಾಡ್ತಾರೆ?"

"ಮದುವೆ ಆದ್ಮೇಲೆ ನಾನೆಲ್ಲೋ, ನೀವೆಲ್ಲೋ. ನನಗೆ ಮಾತೇ ಬೇಕು ಕಣೇ."

ಪಬ್ಬು ಬಿದ್ದುಹೋಯಿತು. ರೆಸಾರ್ಟು ಹೇಳಿದೆ, ಅಲ್ಲಿಯ ಕೃತಕ ಮಳೆಯಲ್ಲಿ ನೆನೆದು ಮದುವೆ ಮನೆಯಲ್ಲಿ ಸೀನುವುದಾ ಎಂದಳು ನಸ್ರೀನ್. ಮಡಕೆ ಮಾಡುವುದನ್ನು ಕಲಿಸುವ ಜಾಗವೊಂದಿದೆ ಎಂದೆ. ಮನೆಯಲ್ಲಿ ಪಾತ್ರೆ ತೊಳೆಯುವುದು ಸಾಲದೇ, ಪಾತ್ರೆ ಮಾಡುವುದೂ ಬೇರೆಯಾ ಎಂದು ಮೂವರೂ ನನ್ನ ಮೇಲೆ ಬಿದ್ದರು. ಕೊನೆಗೆ ನಾನು ಸೋತು, "ಅಕ್ಕಾ, ನಿಂಗೆಲ್ಲಿಗೆ ಹೋಗ್ಬೇಕು ಅದಾದ್ರೂ ಹೇಳು," ಎಂದೆ. ಇದನ್ನು ಮೊದಲೇ ಕೇಳಬಹುದಿತ್ತು. ವ್ಯವಸ್ಥಾಪಕರಿಗೆ ಅದು ಹೊಳೆಯುವುದು ಕೊನೆಯಲ್ಲಿಯೇ.

"ಶಿವಗಂಗೆ," ಎಂದಳು.

"ಚಿಕ್ಕಂದಿನಿಂದ ಹೋಗ್ತಾನೆ ಇದೀವಲ್ಲ."

"ನೀವು ಹೋಗ್ತಿದೀರ. ನಾನು ಕೆಳಗಡೆ ಚಪ್ಪಲಿ ಕಾಯ್ತಿದೀನಿ."

ಆಗ ನೆನಪಾಯಿತು. ಹರಕೆ ತೀರಿಸಲು ಹೋದಾಗಲೆಲ್ಲ ನಮ್ಮ ದಂಡು ಬೆಟ್ಟ ಹತ್ತುತ್ತಿತ್ತು. ಕೆಳಗೆ ದೊಡ್ಡಮ್ಮ ಕಲ್ಲು ಹೂಡಿ ಅಡುಗೆಗಿಡುತ್ತಿದ್ದಳು. ಸೌಮ್ಯಕ್ಕ ಚೀಲ, ಚಪ್ಪಲಿ, ಹಾಲುಗಲ್ಲದ ಮಕ್ಕಳು ಎಲ್ಲಕ್ಕೂ ಕಾವಲು. ತುದಿಯಲ್ಲಿ ಬಂಡೆಯ ಮೇಲೆ ಕೂತಿರುವ ನಂದಿಯನ್ನು ಅವಳು ನನ್ನ ಫೋನಿನಲ್ಲಿ ಮಾತ್ರ ನೋಡಿದ್ದಳು. ಮದುವೆಯಾಗಿ ಹೋದಮೇಲೆ ಆ ಮನೆಯ ಚೀಲ ಕಾಯುವುದಕ್ಕೂ ಯಾರಾದರೂ ಬೇಕಾಗುತ್ತದಲ್ಲ. ಹತ್ತಿದರೆ ಈಗಲೇ ಹತ್ತಬೇಕು.

ಭಾನುವಾರ ಎಂದು ಗೊತ್ತುಮಾಡಿದೆವು. ಅರಿಶಿನ ಶಾಸ್ತ್ರ ಸೋಮವಾರ. ಅರಿಶಿನ ಬಿದ್ದ ಹುಡುಗಿ ನಮ್ಮಲ್ಲಿ ಊರ ಗಡಿ ದಾಟುವಂತಿಲ್ಲ, ಆದ್ದರಿಂದ ಒಂದು ದಿನ ಮುಂಚೆ. ಇಲ್ಲಿ ನನ್ನ ಅತಿಬುದ್ಧಿ ಕೆಲಸ ಮಾಡಿತು. ಬೆಟ್ಟ ಎಂದರೆ ದೊಡ್ಡಮ್ಮ ಒಪ್ಪುವುದಿಲ್ಲವೆಂದು, "ನಸ್ರೀನಕ್ಕನ ಅಂಗಡೀಲಿ ಬ್ಲೌಸ್ ಅಳತೆ ನೋಡೋದಿದೆ" ಎಂದು ಹೇಳಿಟ್ಟೆ. ದೊಡ್ಡಮ್ಮ ಪಾಪ ನಂಬಿದಳು. ಬ್ಲೌಸು ತಾನೆ, ಯಾವತ್ತಾದರೂ ಆಗುತ್ತದೆ ಎಂದುಕೊಂಡಳು. ತವರಿನ ಹೆಂಗಸರು ಶನಿವಾರವೇ ಬಂದಿಳಿದದ್ದರಿಂದ ಅರಿಶಿನವನ್ನು ಭಾನುವಾರದ ಬೆಳಗ್ಗೆಗೆ ಎಳೆದುಕೊಂಡಳು. ನಾವು ಕಾರು ತಂದು ನಿಲ್ಲಿಸುವಷ್ಟರಲ್ಲಿ ಸೌಮ್ಯಕ್ಕ ಅಂಗಳದ ಮಣೆಯ ಮೇಲೆ ಕಿವಿಯವರೆಗೂ ಹಳದಿಯಾಗಿ ಕೂತಿದ್ದಳು. ನಮ್ಮ ಕಡೆ ನೋಡಿದಳು. ಆ ನೋಟ ಬೈಗುಳಕ್ಕಿಂತ ಕಷ್ಟವಾಯಿತು.

ನಾನು ಕೊಟ್ಟಿಗೆಯ ಹಿಂದೆ ಹೋಗಿ, ನನ್ನ ನಂಬರು ಕಾಣಬಾರದೆಂದು ನಸ್ರೀನಳ ಫೋನಿನಿಂದ ದೊಡ್ಡಮ್ಮನಿಗೆ ಮಾಡಿದೆ. ದೊಡ್ಡಪ್ಪ ಲಗ್ನಪತ್ರಿಕೆ ಹಂಚಲು ಜಡಿಗೇನಹಳ್ಳಿಗೆ ಹೋಗಿದ್ದರು. ಮೊದಲು ಅವರ ಕೆಮ್ಮು ಕೆಮ್ಮಿದೆ. ಆಮೇಲೆ, "ನೋಡು, ಪಾಪ, ಮಗೀಗೆ ಎಲ್ಲೋ ಹೋಗ್ಬೇಕಂತೆ. ಕಳ್ಸಿಕೊಡು. ನೀನೂ ಬೆಳಗ್ಗೆಯಿಂದ ದಣಿದಿದೀಯ, ಏನಾದ್ರೂ ತಿಂದ್ಯಾ?" ಎಂದೆ.

ಕೈಯೆಲ್ಲ ಅರಿಶಿನವೆಂದು ದೊಡ್ಡಮ್ಮ ಫೋನನ್ನು ಸ್ಪೀಕರಿಗೆ ಹಾಕಿದ್ದಳು. "ತಿಂದ್ಯಾ ಅಂತ ಅವರು ಯಾವತ್ತು ಕೇಳವ್ರೆ? ಈಚೆಗೆ ಬಾರೋ ಕೋತಿ."

ಈಚೆಗೆ ಬಂದೆ. ಕಲಾವಿದನಿಗೆ ಸಹಾನುಭೂತಿ ಹೆಚ್ಚಾದರೂ ಕಷ್ಟವೇ. ದೊಡ್ಡಮ್ಮ ಅರಿಶಿನದ ಬಟ್ಟಲನ್ನು ಕೆಳಗಿಟ್ಟು ನನ್ನನ್ನು ತರಾಟೆಗೆ ತೆಗೆದುಕೊಳ್ಳಲು ಎದ್ದಳು. ಅಷ್ಟರಲ್ಲಿ ಮಣೆಯಿಂದ ದನಿ ಬಂತು.

"ಅವನ್ನ ಬಿಡಮ್ಮ. ಹೋಗ್ಬೇಕು ಅಂದಿದ್ದು ನಾನು. ಶಿವಗಂಗೆ ತುದಿಗೆ."

"ಅರಿಶಿನ ಹಚ್ಕೊಂಡು ಗಡಿ ದಾಟ್ತೀಯಾ?"

"ದಾಟ್ತೀನಿ. ಸಂಜೆ ಬರ್ತೀನಿ."

"ಅಂಥದ್ದೇನೇ ಇದೆ ಅಲ್ಲಿ ಮೇಲೆ?"

"ಗೊತ್ತಿಲ್ಲ. ನಿಂಗೊತ್ತಾ?"

ಇಷ್ಟು ವರ್ಷ ದೊಡ್ಡಮ್ಮನೂ ಕೆಳಗೇ ಒಲೆ ಊದಿದವಳು. ತವರಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡಮ್ಮ ಒಳಗೆ ಹೋದಳು. ದೊಣ್ಣೆ ತರುತ್ತಾಳೇನೋ ಎಂದು ನಾನು ಕಾರಿನ ಹಿಂದೆ ಸರಿದೆ. ಅವಳು ತಂದದ್ದು ಅಡಕತ್ತರಿ, ನಿಂಬೆಹಣ್ಣು. ದೃಷ್ಟಿ, ಗಾಳಿ ಸೋಕದಿರಲಿ ಎಂದು ಅಡಕತ್ತರಿಯನ್ನು ಮಗಳ ಕೈಗಿಟ್ಟಳು, ನಿಂಬೆಹಣ್ಣನ್ನು ಸೆರಗಿಗೆ ಕಟ್ಟಿದಳು. ಆಮೇಲೆ ತಾನೇ ಹೋಗಿ ಕಾರಿನ ಮುಂದಿನ ಸೀಟಿನಲ್ಲಿ ಕೂತಳು.

"ಏನ್ ನೋಡ್ತೀಯ? ತಾಯಿ ಜೊತೇಲಿದ್ರೆ ದೋಷ ಇಲ್ಲ. ಓಡ್ಸು."

ಅಂಥ ಶಾಸ್ತ್ರ ಯಾವ ಪುಸ್ತಕದಲ್ಲಿದೆಯೋ ನಾನು ಕೇಳಲಿಲ್ಲ. ಮಮತಾ ಮುಂಚೆಯೇ ಮಾಡಿಸಿಟ್ಟಿದ್ದ 'ಬ್ರೈಡ್ ಟು ಬಿ' ಪಟ್ಟಿಯನ್ನು ದಾರಿಯಲ್ಲಿ ಸೌಮ್ಯಕ್ಕನ ಹೆಗಲಿಗೆ ಹಾಕಿದಳು. ನೆಲಮಂಗಲದ ಟೋಲಿನಲ್ಲಿದ್ದವನು ಕಾರಿನೊಳಗೆ ಇಣುಕಿ, ಹಳದಿ ಮುಖ, ಇಂಗ್ಲಿಷ್ ಪಟ್ಟಿ, ಕೈಯಲ್ಲಿ ಅಡಕತ್ತರಿ ನೋಡಿ ತಡಬಡಿಸಿ ಗೇಟು ಎತ್ತಿದ.

ಬೆಟ್ಟದ ಬುಡದಲ್ಲಿ ದೊಡ್ಡಮ್ಮ, "ಸಾಮಾನು ಕಾಯಕ್ಕೆ ಒಬ್ರು ಬೇಕಲ್ಲ," ಎಂದಳು. ನಾಲ್ವರೂ ನನ್ನನ್ನೇ ನೋಡಿದರು. "ನಾನಿರ್ತೀನಿ, ನೀವು ಹೋಗ್ಬನ್ನಿ," ಎಂದೆ. ಹೇಳಿದ ಮೇಲೆ ಗೊತ್ತಾಯಿತು, ಸೌಮ್ಯಕ್ಕನ ದನಿ ಅಚ್ಚುಕಟ್ಟಾಗಿ ಬಂದಿತ್ತು. ಹಾಗಾದರೆ ಅದು ಅವಳ ದನಿಯೇ ಅಲ್ಲ, ಆ ಜಾಗದಲ್ಲಿ ಕೂತವರ ದನಿ.

ಕಾವಲು ಸುಲಭದ ಕೆಲಸವಲ್ಲ. ಕೋತಿಗಳು ಬಂದವು. ಹೆದರಿಸೋಣವೆಂದು ಅವುಗಳ ಹಾಗೆಯೇ ಕಿಚಗುಟ್ಟಿದೆ. ಅವು ನನ್ನ ಕಲೆಯನ್ನು ತಣ್ಣಗೆ ಆಲಿಸಿ ಚಿತ್ರಾನ್ನದ ಡಬ್ಬಿ ಎತ್ತಿಕೊಂಡು ಹೋದವು.

ಮಧ್ಯಾಹ್ನ ಕಳೆದು ಇಳಿದು ಬಂದರು. ದೊಡ್ಡಮ್ಮ ಮಂಡಿ ಒತ್ತಿಕೊಳ್ಳುತ್ತಿದ್ದಳು, ಮುಖದ ತುಂಬ ನಗು. ಸೌಮ್ಯಕ್ಕನ ಅರಿಶಿನ ಬೆವರಿಗೆ ಗೆರೆಗೆರೆಯಾಗಿ ಇಳಿದಿತ್ತು.

"ತುದೀಗಂಟ ಹೋದ್ರಾ?" ಎಂದೆ.

"ನಂದಿ ಮುಟ್ಟಿ ಬಂದ್ವಿ," ಎಂದಳು ನಸ್ರೀನ್. "ಆಂಟಿ ಕಂಬಿ ಹಿಡ್ಕೊಂಡು ನಮಗಿಂತ ಮುಂದೆ."

"ಮೇಲೆ ಏನ್ಮಾಡಿದ್ರಿ?"

"ಕೂತ್ಕೊಂಡು ಮಾತಾಡಿದ್ವಿ. ನಿನ್ನ ಆಡ್ಕೊಂಡ್ವಿ. ನಿಮ್ಮಕ್ಕ ನೀನು ಫೋನಲ್ಲಿ ದೊಡ್ಡಪ್ಪನ ಹಂಗೆ ಮಾತಾಡಿದ್ದನ್ನ ಮಾಡಿ ತೋರ್ಸಿದ್ಲು. ಗಾಳಿ ಇಲ್ದಿದ್ರೆ ನಕ್ಕಿದ್ದು ಕೆಳಗೂ ಕೇಳ್ಸೋದು."

ಮಾಡಿ ತೋರಿಸು ಎಂದು ಸೌಮ್ಯಕ್ಕನನ್ನು ಎಷ್ಟು ಗೋಗರೆದರೂ ಒಪ್ಪಲಿಲ್ಲ. ಅದು ಮೇಲೆ ಬಂದವರಿಗೆ ಮಾತ್ರ ಎಂದುಬಿಟ್ಟಳು.

ಈಗ ಮಮತಾಗೂ ಮದುವೆ ಗೊತ್ತಾಗಿದೆ. ಮೊನ್ನೆ ಕಾರು ಒರೆಸಿ ಒಳಗೆ ಬರುತ್ತಿದ್ದಂತೆ ದೊಡ್ಡಮ್ಮನ ಫೋನು.

"ಅವಳ ಅರಿಶಿನ ಶುಕ್ರವಾರ. ಅವರಮ್ಮನ್ನೇ ಕೇಳ್ಕೊಂಡಿದೀನಿ. ನಾವು ಗುರುವಾರ ಹೊರಡೋಣ. ಈ ಸಲ ಯಾವ ಬೆಟ್ಟ?"

"ಪಾರ್ಟಿ ಮಮತಕ್ಕಂದು ದೊಡ್ಡಮ್ಮ."

"ಗೊತ್ತು. ನಂಗೊಂದು ಶೂ ಕೊಡ್ಸು. ನಂಬರ್ ಕೇಳ್ಬೇಡ, ನಾನ್ಯಾವತ್ತು ಶೂ ಹಾಕಿದೀನಿ? ಬಂದು ಅಳತೆ ತಗೊಂಡೋಗು."

ನಾಳೆ ಹೋಗುತ್ತಿದ್ದೇನೆ. ಜಗಲಿಯ ಮೇಲೆ ಹಳೇ ಪೇಪರು ಹಾಸಿ, ದೊಡ್ಡಮ್ಮನ ಪಾದ ಇಡಿಸಿ, ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡು ಬರಬೇಕು. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುತ್ತೇನೆ, ಅವಳು ನಕ್ಕು ಕಾಲು ಅಲುಗಿಸಿದರೆ ಅಳತೆ ತಪ್ಪೀತು.