ಬೌಲರ್ ಮೊಣಕಾಲಿಗೊಂದು ಅರ್ಚನೆ

ಈ ಮುದುಕನನ್ನು ನೋಡಿ ನಗುವವರು ನಕ್ಕುಬಿಡಿ ಸ್ನೇಹಿತರೇ. ಇವತ್ತು ಮಧ್ಯಾಹ್ನದ ಮ್ಯಾಚ್ ಗೆದ್ದರೆ ಮಾತ್ರ ನಮ್ಮ ಬೆಂಗಳೂರು ತಂಡಕ್ಕೆ ಪ್ಲೇಆಫ್ ಎಂದಿತ್ತು. ಆದರೆ ಬೌಲರ್ ಪ್ರಣೇಶನಿಗೆ ಮೊಣಕಾಲು ನೋವು. ಅವನ ಹೆಸರಿನಲ್ಲಿ ಅರ್ಚನೆ ಮಾಡಿಸಲು ಬೆಳಿಗ್ಗೆ ಇಲ್ಲೇ ಚೆನ್ನೈನ ಮೈಲಾಪೂರಿನ ದೇವಸ್ಥಾನಕ್ಕೆ ಹೋಗಿದ್ದೆ.

ನನ್ನ ಮುಂದೆ ಒಬ್ಬ ತಮಿಳು ಹೆಂಗಸು. ಗಂಡನ ಹೆಸರು ಹೇಳಿದರು, ನಕ್ಷತ್ರ ನೆನಪಾಗದೆ ಮನೆಗೆ ಫೋನ್ ಹಚ್ಚಿದರು. ಗುಡಿಯ ಬಾಗಿಲು ಹಾಕುವ ಹೊತ್ತು ಬೇರೆ. ನನಗೆ ತಲೆ ಕೆಟ್ಟಿತು.

"ಗಂಡನ ನಕ್ಷತ್ರ ಗೊತ್ತಿಲ್ಲದವರು ಯಾಕಮ್ಮಾ ಬರ್ತೀರಿ? ಪಕ್ಕಕ್ಕೆ ನಿಲ್ಲಿ!" ಎಂದು ಅವರ ತಮಿಳಿನಲ್ಲೇ ಗದರಿದೆ. ಅವರು ಫೋನ್ ಹಿಡಿದೇ ಪಕ್ಕಕ್ಕೆ ಸರಿದರು.

ಅರ್ಚನೆ ಮಾಡುವ ಗುರುಕ್ಕಳ್ ನನ್ನತ್ತ ತಿರುಗಿ, "ಪೇರು, ನಕ್ಷತ್ರಂ?" ಎಂದರು.

"ಪ್ರಣೇಶ. ನಕ್ಷತ್ರ ಗೊತ್ತಿಲ್ಲ. ಮೊಣಕಾಲು ಸರಿಹೋಗಬೇಕು."

ಆ ಹೆಂಗಸು ಮೆಲ್ಲಗೆ ಕೇಳಿದರು: "ಮೊಮ್ಮಗನಾ ಮಾಮಾ? ಅದಕ್ಕೇ ಪಾಪ ನಿಮಗಿಷ್ಟು ಗಾಬರಿ. ನಮ್ಮ ಮನೆಯವರಿಗೂ ಮಧ್ಯಾಹ್ನ ಹಾರ್ಟ್ ಆಪರೇಷನ್. ನನಗೆ ಏನೂ ನೆನಪಾಗ್ತಿಲ್ಲ." ಆಮೇಲೆ ಒಳಗೆ ನೋಡಿ, "ಗುರುಕ್ಕಳೇ, ನಮ್ಮವರ ಜೊತೆ ಪ್ರಣೇಶನ ಹೆಸರೂ ಇನ್ನೊಂದು ಸಲ ಸೇರಿಸಿ" ಎಂದರು.

ಪ್ರಣೇಶ ಯಾರೆಂದು ಹೇಳದೆಯೇ ವಿಭೂತಿ ಈಸಿಕೊಂಡು, ತಲೆ ತಗ್ಗಿಸಿ ಬಂದುಬಿಟ್ಟೆ.

ಮ್ಯಾಚ್ ಗೆದ್ದೆವು. ಪ್ರಣೇಶ ಕುದುರೆ ಹಾಗೆ ಓಡಿದ. ಈಗ ಆ ತಾಯಿಯ ಗಂಡನಿಗಾಗಿ ದೇವರ ಮುಂದೆ ಕೂತಿದ್ದೇನೆ, ಹೆಸರೇ ಹೊಳೆಯುತ್ತಿಲ್ಲ. ನನ್ನ ಮುಂದೆಯೇ ಹೇಳಿದ್ದರು. ನಾನು ಗಡಿಯಾರ ನೋಡುತ್ತಿದ್ದೆ.