ಅಕ್ಕ ಕತ್ತರಿಸಿದ ಕೊಕ್ಕು

ಮೊಟ್ಟೆ ಫಾರಂನಲ್ಲಿ ನಮ್ಮಕ್ಕನಿಗೆ ‘ಕೊಕ್ಕಕ್ಕ’ ಅಂತಲೇ ಹೆಸರು. ಇಕ್ಕಟ್ಟಿನ ಪಂಜರದಲ್ಲಿ ಕೋಳಿಗಳು ಒಂದನ್ನೊಂದು ಕುಕ್ಕಿ ಕೊಲ್ಲದಿರಲೆಂದು, ಮರಿಯಿದ್ದಾಗಲೇ ಕೊಕ್ಕಿನ ತುದಿ ಕತ್ತರಿಸುತ್ತಾರೆ. ಅದರಲ್ಲಿ ಅವಳದು ಎತ್ತಿದ ಕೈ. ಮರಿಯ ತಲೆ ಹಿಡಿದು ಕಾದ ಅಲಗಿಗೆ ಒತ್ತಿದರೆ ಚುಯ್ ಅನ್ನುವಷ್ಟರಲ್ಲಿ ಮುಗಿಯಿತು. ಹದಿನೇಳು ವರ್ಷ ಅದನ್ನೇ ಮಾಡಿದಳು. ಪಕ್ಕದ ಕೋಣೆಯಲ್ಲಿ ಒಡೆದ ಮೊಟ್ಟೆ ಆರಿಸುತ್ತಿದ್ದ ನನಗೆ ಅವಳ ಮೇಲೆ ಹೊಟ್ಟೆಕಿಚ್ಚಿತ್ತು, ಸುಳ್ಳೇಕೆ ಹೇಳಲಿ.

ಮೊಟ್ಟೆಯಿಡುವುದು ನಿಲ್ಲಿಸಿದ ಕೋಳಿಗಳನ್ನು ಲಾರಿಗೆ ತುಂಬುವಾಗ ಒಂದು ಕೈಜಾರಿ ಅಕ್ಕನ ಕಾಲಬುಡದಲ್ಲಿ ಬಿತ್ತು. ಕತ್ತಿನಲ್ಲಿ ಒಂದು ಪುಕ್ಕವಿಲ್ಲ. ಅಕ್ಕ ಮೇಲ್ವಿಚಾರಕನನ್ನು ಕೇಳಿ ಅದನ್ನು ಚೀಲದಲ್ಲಿ ಮನೆಗೆ ತಂದಳು.

“ಮನೇಲಿ ಭಾವನ್ನ ಸಾಕಿದ್ದು ಸಾಲ್ದೇನಕ್ಕಾ?” ಅಂದೆ.

“ಬಾಯ್ಮುಚ್ಚೇ. ಇಷ್ಟು ದಿನ ಇದರ ಮೊಟ್ಟೆ ತಿಂದಿದ್ದೀವಿ. ಇರೋವಷ್ಟು ದಿನ ನೆಲದ ಮೇಲೆ ಓಡಾಡ್ಲಿ.”

ಹಿತ್ತಲ ಸಿಮೆಂಟು ತೊಳೆದು, ನೀರಿಟ್ಟು, ಕಾಳು ಚೆಲ್ಲಿದಳು. ಮೊದಲ ದಿನ ಕೋಳಿ ಬಿಟ್ಟ ಜಾಗ ಬಿಟ್ಟು ಕದಲಲಿಲ್ಲ. ಮಾರನೆಯ ದಿನದಿಂದ ಟಕ್ ಟಕ್ ಅಂತ ಕುಕ್ಕತೊಡಗಿತು. ಅಕ್ಕನ ಮುಖ ನೋಡಬೇಕಿತ್ತು! “ಕೇಳೇ, ಹೆಂಗೆ ತಿಂತಿದೆ!” ಉಳಿದ ಕಾಳು ಕಂಡರೆ ಹೊಟ್ಟೆ ತುಂಬಿರಬೇಕು ಅಂದುಕೊಂಡೆವು.

ಮೂರನೆಯ ಬೆಳಿಗ್ಗೆ ಅಕ್ಕ, “ಯಾಕೋ ಸೊರಗಿದೆ ಕಣೇ, ಒಂದ್ಸಲ ಎತ್ತಿ ನೋಡ್ತೀನಿ” ಅಂದಳು.

“ಇಷ್ಟು ತಿಂದ್ರೂ ಸೊರಗುತ್ತಾ? ಎಲ್ಲಾದಕ್ಕೂ ನಿಂದೊಂದು ಅತಿ. ಬಾ, ಹೊತ್ತಾಯ್ತು” ಅಂತ ಕೈಹಿಡಿದು ಎಳೆದುಕೊಂಡು ಹೋದೆ. ನನ್ನ ಬಾಯಿಗೆ ಬೆಂಕಿ ಬೀಳ.

ಸಂಜೆ ಬಂದಾಗ ಕೋಳಿ ಮಗ್ಗುಲಾಗಿ ಬಿದ್ದಿತ್ತು, ಸುತ್ತ ಕಾಳು. ಅಕ್ಕ ಕಾಳೊಂದನ್ನು ಕೊಕ್ಕಿನ ಹತ್ತಿರ ಹಿಡಿದಳು. ಮೇಲಿನ ಕೊಕ್ಕು ಮೋಟು, ಕೆಳಗಿನದು ಉದ್ದ. ಕಚ್ಚಿತು, ಕಾಳು ಜಾರಿತು. ಮತ್ತೆ ಕಚ್ಚಿತು, ಮತ್ತೆ ಜಾರಿತು. ಫಾರಂನಲ್ಲಿ ತೊಟ್ಟಿ ತುಂಬ ಹಿಟ್ಟಿನಂಥ ಮೇವು, ಮೊಗೆದರೆ ಬಾಯಿಗೆ ಬರುತ್ತದೆ. ಗಟ್ಟಿ ನೆಲದ ಮೇಲಿನ ಬಿಡಿಕಾಳನ್ನು ಹೆಕ್ಕಲು ಅದಕ್ಕೆ ಕೊಕ್ಕೇ ಇರಲಿಲ್ಲ. ಕೊಕ್ಕು ಕತ್ತರಿಸುವವಳಿಗೇ ಅದು ಹೊಳೆಯಲಿಲ್ಲ. ಹಸಿದು ನೆಲ ಕುಕ್ಕುತ್ತಿದ್ದ ಸದ್ದು ಕೇಳಿ ನಾವು ಹಿಗ್ಗಿದ್ದೆವು.

ಹಿಟ್ಟು ಕಲಸಿ ಬೆರಳಲ್ಲಿ ತಿನ್ನಿಸಿದಳು. ನುಂಗಲು ತ್ರಾಣವಿರಲಿಲ್ಲ. ದೀಪ ಹಾಕುವ ಹೊತ್ತಿಗೆ ಸತ್ತಿತು.

“ನನ್ನ ಕೈದೇ ಕಣೇ ಇದು. ಕೊಕ್ಕು ಜಾಸ್ತಿ ಕತ್ತರಿಸಿ ಹೋಗಿದೆ” ಅಂತ ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಯಜಮಾನರ ಹತ್ತಿರ ಹೋಗಿ, “ಪಂಜರ ದೊಡ್ಡದು ಮಾಡ್ಸಿ ಸಾರ್, ಕೊಕ್ಕು ಕತ್ತರಿಸೋದೇ ಬೇಡ” ಅಂದಳು. “ಆಮೇಲೆ ಆ ದುಬಾರಿ ಮೊಟ್ಟೆ ನೀನೇ ಕೊಳ್ತೀಯಾ?” ಅಂತ ಅವರು ನಕ್ಕರು. ಅಕ್ಕ ಕೆಲಸ ಬಿಟ್ಟಳು, ಮೊಟ್ಟೆಯನ್ನೂ ಬಿಟ್ಟಳು.

ಅವಳ ಜಾಗಕ್ಕೆ ಈಗ ನಾನು. ನೋಡಿ ನೋಡಿಯೇ ಕಲಿತಿದ್ದೆನಲ್ಲ. ಹೊರಡುವಾಗ ಅಕ್ಕ ದಿನಾ ಬಾಗಿಲವರೆಗೆ ಬರುತ್ತಾಳೆ. “ಸ್ವಲ್ಪ ಉಳಿಸಿ ಕತ್ತರಿಸೇ, ಕಾಳು ಹಿಡಿಯೋವಷ್ಟು.”

ಹೂಂ ಅನ್ನುತ್ತೇನೆ. ಮೊದಲ ವಾರ ಹಾಗೇ ಮಾಡಿದೆ. ಕತ್ತರಿಸಿದ್ದು ಸಾಲದು ಅಂತ ಮೇಲ್ವಿಚಾರಕ ಮರಿಗಳ ಪೆಟ್ಟಿಗೆಗಳನ್ನು ವಾಪಸು ತಂದಿಟ್ಟ. ಅವೇ ಮರಿಗಳನ್ನು, ಗಾಯ ಆರುವ ಮೊದಲೇ, ಎರಡನೇ ಸಲ ಅಲಗಿಗೆ ಹಿಡಿದೆ. ಈಗ ಮೊದಲ ಸಲವೇ ಪೂರ್ತಿ ಕತ್ತರಿಸುತ್ತೇನೆ. ಅಕ್ಕನಿಗೆ ಹೇಳಿಲ್ಲ.